ಜಾಂಟ್ ಅಂದ್ರೆ ಮೋಜಾ, ಸುಸ್ತಾ?

ಪದಗಿರಾಕಿ
ಒಂದು ಸಣ್ಣ ಗೊಂದಲ. ಇಂಗ್ಲಿಷ್‌ನ ಜಾಂಟ್ ಪದಕ್ಕೆ ಈಗಿನ ಯಾವ ನಿಘಂಟು ತೆಗೆದರೂ "ಮೋಜಿಗಾಗಿ ಹೋಗಿಬರುವ ಚಿಕ್ಕ ಪ್ರವಾಸ" ಅಂತಲೇ ಇದೆ. ಸರಿ. ಆದರೆ ಮಿಲ್ಟನ್‌ನ ಪ್ಯಾರಡೈಸ್ ರೀಗೇನ್ಡ್ ಕಾವ್ಯದ (1671) ನಾಲ್ಕನೇ ಭಾಗದಲ್ಲಿ ಇದೇ ಪದ ಬರುತ್ತದೆ. ಸೈತಾನ ಯೇಸುವನ್ನು ಗಾಳಿಯಲ್ಲಿ ಎತ್ತಿಕೊಂಡು ಹೋಗಿ, ಲೋಕದ ರಾಜ್ಯಗಳನ್ನೆಲ್ಲ ತೋರಿಸಿ, ಆಸೆ ಹುಟ್ಟಿಸಲು ನೋಡಿ, ಏನೂ ನಡೆಯದೆ ವಾಪಸ್ ಅಡವಿಗೆ ತಂದುಬಿಡುತ್ತಾನೆ. ಈ ಗಾಳಿ ಪಯಣವನ್ನು ಕವಿ ಜಾಂಟ್ ಅನ್ನುತ್ತಾನೆ. ಯೇಸು ಹಸಿದಿದ್ದಾನೆ, ಚಳಿ ಹಿಡಿದಿದೆ, ಮೈ ಹಣ್ಣಾಗಿದೆ. ಇದರಲ್ಲಿ ಮೋಜು ಎಲ್ಲಿ ಬಂತು? ಮಿಲ್ಟನ್ ಕುಹಕ ಆಡುತ್ತಿದ್ದಾನಾ, ಅಥವಾ ಆಗ ಪದದ ಅರ್ಥವೇ ಬೇರೆ ಇತ್ತಾ? ಗೊತ್ತಿದ್ದವರು ಸ್ವಲ್ಪ ಹೇಳಿ.

ಹಳೇಮೇಷ್ಟ್ರು
ಕುಹಕ ಅಲ್ಲ. ಆಗ ಆ ಪದಕ್ಕೆ ಸುಸ್ತು ಅನ್ನುವುದೇ ಮುಖ್ಯ ಅರ್ಥ.

16ನೇ ಶತಮಾನದಲ್ಲಿ ಈ ಪದ ಕಾಣಿಸಿಕೊಂಡಾಗ ಅದು ಕ್ರಿಯಾಪದ. ಕುದುರೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಓಡಿಸಿ ಓಡಿಸಿ ಸುಸ್ತು ಮಾಡುವುದಕ್ಕೆ ಜಾಂಟ್ ಅನ್ನುತ್ತಿದ್ದರು. ಅಂದರೆ ದಣಿದದ್ದು ಕುದುರೆ, ಮೇಲೆ ಕೂತವನಲ್ಲ. ಆಮೇಲೆ ಅದು ಮನುಷ್ಯರ ಓಡಾಟಕ್ಕೂ ಬಂತು. ಸುಮ್ನೆ ಅಲ್ಲಿಗೂ ಇಲ್ಲಿಗೂ ತಿರುಗಿ ಕಾಲು ಸೋಲುವ ಓಡಾಟ ಜಾಂಟ್.

ಶೇಕ್ಸ್‌ಪಿಯರ್‌ನ ರೋಮಿಯೊ ಆ್ಯಂಡ್ ಜೂಲಿಯೆಟ್ ನೋಡಿ, ಎರಡನೇ ಅಂಕ, ಐದನೇ ದೃಶ್ಯ. ರೋಮಿಯೊ ಹತ್ತಿರ ಸುದ್ದಿ ತರಲು ಹೋದ ದಾದಿ ವಾಪಸ್ ಬಂದಿದ್ದಾಳೆ. ಜೂಲಿಯೆಟ್‌ಗೆ ಒಂದು ಕ್ಷಣವೂ ತಡೆಯಲು ಆಗುತ್ತಿಲ್ಲ, ಏನಂದ ಏನಂದ ಅಂತ ಜೀವ ತಿನ್ನುತ್ತಾಳೆ. ಮುದುಕಿ ಮಾತ್ರ ಬಾಯಿ ಬಿಡುವುದಿಲ್ಲ, ಅಯ್ಯೋ ನನ್ನ ಮೂಳೆಗಳೆಲ್ಲ ನೋಯುತ್ತಿವೆ, ಎಂಥಾ ಜಾಂಟ್ ಆಯ್ತಪ್ಪ ಇದು ಅಂತ ಗೊಣಗುತ್ತಾ ಕೂರುತ್ತಾಳೆ. ಇಲ್ಲಿ ಮೋಜಿನ ಪ್ರವಾಸ ಅಂತ ಓದಿದರೆ ದೃಶ್ಯವೇ ಕೆಟ್ಟುಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. 1599ರ ಮುದ್ರಣದಲ್ಲಿ ಆ ಜಾಗದಲ್ಲಿ ಜಾನ್ಸ್ ಅಂತಿದೆ, 1623ರ ಫೋಲಿಯೊದಲ್ಲಿ, ಅಂದರೆ ಅವನ ನಾಟಕಗಳ ಒಟ್ಟು ಸಂಪುಟದಲ್ಲಿ, ಜಾಂಟ್ ಅಂತಿದೆ. ಅಚ್ಚುಮನೆಯವರಿಗೆ ಎರಡೂ ಒಂದೇ ಅನ್ನಿಸಿರಬೇಕು. ರಿಚರ್ಡ್ ದ ಸೆಕೆಂಡ್ ನಾಟಕದ ಕೊನೆಯ ಅಂಕದಲ್ಲೂ ಜಾನ್ಸ್ ಬರುತ್ತದೆ, ಅಲ್ಲಿ ನೇರವಾಗಿ ಕುದುರೆ ಸವಾರಿಯ ಸಂದರ್ಭವೇ.

ಮೋಜಿನ ಅರ್ಥ ಗಟ್ಟಿಯಾಗಿದ್ದು 17ನೇ ಶತಮಾನದಲ್ಲಿ. ಮಿಲ್ಟನ್ ಬರೆಯುವ ಹೊತ್ತಿಗೆ ಎರಡೂ ಅರ್ಥ ಓಡಾಡುತ್ತಿದ್ದವು. ಅವನು ಹಳೆಯದನ್ನೇ ಹಿಡಿದ.

ಸಂಶಯಾತ್ಮ
ಇಷ್ಟೆಲ್ಲ ಸುತ್ತು ಯಾಕೆ ಮೇಷ್ಟ್ರೇ? ಜಾಂಟಿ ಅನ್ನುವ ಪದ ಇದೆಯಲ್ಲ, ಲವಲವಿಕೆಯ, ಠೀವಿಯ ಅಂತ ಅರ್ಥ. ಟೋಪಿಯನ್ನು ಒಂದು ಕಡೆಗೆ ವಾಲಿಸಿ ಹಾಕಿಕೊಂಡು ಶಿಳ್ಳೆ ಹೊಡೆಯುತ್ತಾ ಹೋಗುವವನು ಜಾಂಟಿ. ಅಂಥವನು ಹೋಗುವ ಸುತ್ತಾಟ ಜಾಂಟ್. ನಿಘಂಟಿನಲ್ಲೂ ಒಂದರ ಕೆಳಗೆ ಒಂದು ಕೂತಿವೆ. ಮುಗೀತಲ್ವಾ?

ಕರಡುತಿದ್ದುವವಳು
ಅಕ್ಕಪಕ್ಕ ಕೂತವರೆಲ್ಲ ನೆಂಟರಾಗಲ್ಲ ಸ್ವಾಮಿ 🙂

ಜಾಂಟಿ ಬಂದಿದ್ದು ಫ್ರೆಂಚ್‌ನ ಜಾಂಟೀ ಪದದಿಂದ, ಬರೆಯುವುದು ಜಿ-ಇ-ಎನ್-ಟಿ-ಐ-ಎಲ್. ಒಳ್ಳೆ ಮನೆತನದ, ಸಭ್ಯ ಅಂತ ಅರ್ಥ. ಇಂಗ್ಲಿಷ್‌ನವರು 17ನೇ ಶತಮಾನದಲ್ಲಿ ಆ ಉಚ್ಚಾರಣೆಯನ್ನು ಕಿವಿಗೆ ಬಿದ್ದ ಹಾಗೆ ಎತ್ತಿಕೊಂಡರು, ಮೊದಮೊದಲು ಕಾಗುಣಿತವೂ ಮನಸ್ಸಿಗೆ ಬಂದ ಹಾಗೆ ಇತ್ತು. ಅದೇ ಫ್ರೆಂಚ್ ಪದವನ್ನು ಬೇರೆ ಬೇರೆ ಕಾಲದಲ್ಲಿ ತಂದಿದ್ದಕ್ಕೆ ಜೆಂಟಲ್, ಜೆಂಟೀಲ್ ಎರಡೂ ಇವೆ. ಜಾಂಟಿ ಆ ಮನೆಯ ಮೂರನೆಯವನು. ಜಾಂಟ್‌ಗೂ ಆ ಮನೆಗೂ ಸಂಬಂಧ ಇಲ್ಲ.

ಆದರೆ ಒಂದು ಮಾತು ಒಪ್ಪಬೇಕು, ಮೂಲ ಬೇರೆಯಾದರೂ ಕಿವಿಗೆ ಒಂದೇ ಥರ ಕೇಳುವ ಪದಗಳು ಒಂದರ ಬಣ್ಣ ಇನ್ನೊಂದಕ್ಕೆ ಅಂಟಿಸುತ್ತವೆ. ಇವತ್ತು ಜಾಂಟ್ ಅಂದ ಕೂಡಲೇ ಹಗುರ ಅನ್ನಿಸುವುದರಲ್ಲಿ ಜಾಂಟಿಯ ಪಾಲು ಇರಬಹುದು. ಇದು ನನ್ನ ಊಹೆ ಅಷ್ಟೇ, ನಿಘಂಟಿನ ಮಾತಲ್ಲ.

ಸಂಶಯಾತ್ಮ
ಹಾಗಾದ್ರೆ ಜಾಂಟ್ ಎಲ್ಲಿಂದ ಬಂತು? ನಾನು ನೋಡಿದ ಕಡೆಯೆಲ್ಲ "ಮೂಲ ತಿಳಿದಿಲ್ಲ" ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಇಷ್ಟು ವರ್ಷ ನಿಘಂಟು ಮಾಡಿದವರಿಗೆ ನಾಲ್ಕಕ್ಷರದ ಪದದ ಬುಡ ಸಿಗಲಿಲ್ಲ ಅಂದ್ರೆ ಹೇಗೆ ನಂಬೋದು.

ಹಳೇಮೇಷ್ಟ್ರು
ನಾಲ್ಕಲ್ಲ, ಐದು.

ಹುಡುಕದೇ ಬಿಟ್ಟಿಲ್ಲ. ರ್‍ಯಾಂಡಲ್ ಕಾಟ್‌ಗ್ರೇವ್ ಅಂತ ಒಬ್ಬರು 1611ರಲ್ಲಿ ಫ್ರೆಂಚ್-ಇಂಗ್ಲಿಷ್ ನಿಘಂಟು ತಂದರು. ಅದರಲ್ಲಿ ಜಾನ್ಸೆ ಅನ್ನುವ ಫ್ರೆಂಚ್ ಕ್ರಿಯಾಪದಕ್ಕೆ ಕೊಟ್ಟ ಅರ್ಥ, ಲಾಯದಲ್ಲೇ ಕುದುರೆಯನ್ನು ಬೆವರು ಬರುವವರೆಗೆ ಕುಣಿಸುವುದು. ಎಷ್ಟು ಹತ್ತಿರ ಇದೆ ನೋಡಿ. ಆದರೆ ಅದರಿಂದ ಬರಬೇಕಾದ್ದು ಜಾನ್ಸ್, ಜಾಂಟ್ ಅಲ್ಲ. ಕೊನೆಯ ಸಕಾರ ಟಕಾರ ಆಗಿದ್ದು ಹೇಗೆ ಅನ್ನುವುದಕ್ಕೆ ಯಾರ ಹತ್ತಿರವೂ ಒಪ್ಪುವಂಥ ಉತ್ತರ ಇಲ್ಲ. ಅಷ್ಟಕ್ಕೇ ನಿಘಂಟಿನವರು ನಿಂತಿದ್ದಾರೆ. ಇದು ಸೋಮಾರಿತನ ಅಲ್ಲ, ಶಿಸ್ತು. ಚೆನ್ನಾಗಿ ಕೇಳಿಸುವ ಕಥೆಯನ್ನು ಬಾಯಿಗೆ ಬಂದ ಹಾಗೆ ಬರೆದುಬಿಡುವುದು ತುಂಬಾ ಸುಲಭ.

ನಾಲ್ಕುಚಕ್ರ
ಐರ್ಲೆಂಡಿನ ಜಾಂಟಿಂಗ್ ಕಾರ್ ಬಗ್ಗೆ ಯಾರೂ ಹೇಳಲೇ ಇಲ್ಲ! ಎರಡು ಚಕ್ರದ ಕುದುರೆ ಗಾಡಿ. ಅದರಲ್ಲಿ ಜನ ಮುಂದಕ್ಕೆ ಮುಖ ಮಾಡಿ ಕೂರುವುದಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು, ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ತಿರುಗಿ ಕೂರುತ್ತಾರೆ. ಕಾಲು ಚಕ್ರದ ಹೊರಗೆ, ಪಾದ ಇಡಲು ಒಂದು ಹಲಗೆ. ಹಾಗಾಗಿ ದಾರಿಯ ಒಂದು ಪಕ್ಕ ಮಾತ್ರ ನಿಮಗೆ ಕಾಣುತ್ತದೆ, ಇನ್ನೊಂದು ಪಕ್ಕ ನಿಮ್ಮ ಬೆನ್ನ ಹಿಂದಿನವರ ಪಾಲು. ಮಳೆ ಬಂದರೆ ಸಮಾನವಾಗಿ ಎಲ್ಲರ ಪಾಲು. ಕಿಲ್ಲಾರ್ನಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಇವತ್ತಿಗೂ ಓಡುತ್ತವೆ, ಓಡಿಸುವವರಿಗೆ ಜಾರ್ವಿ ಅನ್ನುತ್ತಾರೆ.

ಇದು ಬರೀ ಮೋಜಿನ ಗಾಡಿಯೂ ಅಲ್ಲ. ಇಟಲಿಯಿಂದ ಬಂದು ಐರ್ಲೆಂಡಲ್ಲಿ ನೆಲೆ ನಿಂತ ಚಾರ್ಲ್ಸ್ ಬಿಯಾಂಕೋನಿ 1815ರಲ್ಲಿ ಕ್ಲಾನ್‌ಮೆಲ್‌ನಿಂದ ಕಾಹಿರ್‌ಗೆ ಇಂಥ ಗಾಡಿಯ ಸರ್ವಿಸ್ ಶುರು ಮಾಡಿದರು. ನೆಪೋಲಿಯನ್ ಯುದ್ಧ ಆಗಷ್ಟೇ ಮುಗಿದಿತ್ತು, ಸೈನ್ಯಕ್ಕೆ ಬೇಡವಾದ ಕುದುರೆಗಳು ಅಗ್ಗಕ್ಕೆ ಸಿಗುತ್ತಿದ್ದವು. ಆಮೇಲೆ ದೇಶದ ದೊಡ್ಡ ಭಾಗಕ್ಕೆ ಅವರ ಗಾಡಿಗಳೇ ಬಸ್ಸು, ಅವೇ ಅಂಚೆ ವ್ಯಾನು. ಇಲ್ಲೂ ಜಾಂಟ್‌ನ ಕಷ್ಟ ಪಟ್ಟಿದ್ದು ಕುದುರೆಯೇ ಅನ್ನಿ.

ಸುದ್ದಿಮನೆ
ನಾನು ಇಂಗ್ಲಿಷ್ ಸುದ್ದಿಗಳನ್ನು ದಿನಾ ಕನ್ನಡಕ್ಕೆ ಇಳಿಸುವವನು, ಅದಕ್ಕೇ ಜಾಂಟ್‌ನ ದಾಯಾದಿ ಒಂದನ್ನು ಇಲ್ಲಿ ತಂದು ನಿಲ್ಲಿಸುತ್ತೇನೆ. ಜಂಕೆಟ್. ಜನಪ್ರತಿನಿಧಿಗಳು ಅಧ್ಯಯನ ಅಂತ ಹೆಸರು ಹೇಳಿ ಸರ್ಕಾರದ ದುಡ್ಡಲ್ಲಿ ಊರು ನೋಡಿ ಬರುವುದಕ್ಕೆ ಇದೇ ಪದ. ಇದರ ಹುಟ್ಟು ಕೇಳಿದರೆ ನಗು ಬರುತ್ತದೆ.

ಲ್ಯಾಟಿನ್‌ನಲ್ಲಿ ಯುಂಕುಸ್ ಅಂದರೆ ನೀರಿನ ಅಂಚಲ್ಲಿ ಬೆಳೆಯುವ ಜೊಂಡು. ಆ ಜೊಂಡಿನಿಂದ ಹೆಣೆದ ಬುಟ್ಟಿಯಿಂದ ಜಂಕೆಟ್ ಪದ ಬಂತು. 14ನೇ ಶತಮಾನದ ಇಂಗ್ಲಿಷ್‌ನಲ್ಲಿ ಅದು ಮೀನು ಹಿಡಿಯುವ, ಮೀನು ಹೊರುವ ಬುಟ್ಟಿ. ಅಂಥದೇ ಬುಟ್ಟಿಯಲ್ಲಿ ನೀರು ಸೋರಲು ಇಟ್ಟ ಮೆತ್ತನೆಯ ಗಿಣ್ಣಿಗೂ ಅದೇ ಹೆಸರು. ಇಟಲಿಯಲ್ಲಿ ಇವತ್ತಿಗೂ ಅದಕ್ಕೆ ಜುಂಕಾಟಾ ಅನ್ನುತ್ತಾರೆ. ಆಮೇಲೆ ಸಿಹಿ ತಿಂಡಿಗೆ ಬಂತು, ಅಲ್ಲಿಂದ ಔತಣಕ್ಕೆ. ಔತಣ ಹೊರಗೆ ಹೋಗಿ ಮಾಡಿದರೆ ವಿಹಾರ. 19ನೇ ಶತಮಾನದಲ್ಲಿ ಅಮೆರಿಕದಲ್ಲಿ ವಿಹಾರದ ಅರ್ಥ ಗಟ್ಟಿಯಾಯಿತು, ಅದೇ ಶತಮಾನ ಮುಗಿಯುವ ಮೊದಲು ಬೇರೆಯವರ ದುಡ್ಡಿನ ವಿಹಾರ ಅಂತಲೂ ಆಯಿತು. ಮೀನಿನ ಬುಟ್ಟಿಯಿಂದ ವಿಮಾನದ ಟಿಕೆಟ್‌ವರೆಗೆ! ಒಂದೊಂದು ಹೆಜ್ಜೆಯನ್ನೂ ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇದೆ, ಮೊದಲಿಂದ ಕೊನೆಗೆ ನೋಡಿದರೆ ಮಾತ್ರ ತಲೆಬುಡ ಇಲ್ಲ.

ಸಿನಿಮಾದವರ ಜಂಕೆಟ್ ಬೇರೆ. ನಟನನ್ನು ಹೋಟೆಲ್ ರೂಮಲ್ಲಿ ಕೂರಿಸುತ್ತಾರೆ, ಹಿಂದೆ ಪೋಸ್ಟರ್. ಪತ್ರಕರ್ತರು ಸಾಲಾಗಿ ಒಳಗೆ ಹೋಗಿ ಕೆಲವೇ ನಿಮಿಷದಲ್ಲಿ ಅದೇ ಪ್ರಶ್ನೆ ಕೇಳಿ ಅದೇ ಉತ್ತರ ತಂದು ಬರುತ್ತಾರೆ. ಮಕಾವ್‌ನ ಕ್ಯಾಸಿನೊಗಳಲ್ಲಿ ಇನ್ನೂ ಬೇರೆ. ಅಲ್ಲಿ ಜಂಕೆಟ್ ಅಂದರೆ ದೊಡ್ಡ ಕುಳಗಳನ್ನು ಕರೆತಂದು, ಮೊದಲೆಲ್ಲ ಸಾಲ ಕೊಟ್ಟು ಆಡಿಸಿ, ಆಮೇಲೆ ವಸೂಲಿಯನ್ನೂ ಮಾಡಿಕೊಡುತ್ತಿದ್ದ ಏಜೆಂಟು.

ಒಲೆಮುಂದೆ
ಸುದ್ದಿಮನೆ ಸರ್, ಆ ತಿಂಡಿ ಇನ್ನೂ ಇದೆ. ಹಾಲನ್ನು ಮೈಬಿಸಿಯಷ್ಟು ಮಾತ್ರ ಕಾಯಿಸಿ, ಸಕ್ಕರೆ ಹಾಕಿ, ರೆನ್ನೆಟ್ ಬೆರೆಸಿ ಅಲ್ಲಾಡಿಸದೆ ಬಿಡಬೇಕು. ರೆನ್ನೆಟ್ ಅಂದರೆ ಹಾಲು ಕುಡಿಯುವ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದ ಕಿಣ್ವ. ಹಾಲು ಜಾಸ್ತಿ ಬಿಸಿಯಾದರೆ ಕಿಣ್ವ ಸತ್ತು ಹೆಪ್ಪೇ ಕಟ್ಟಲ್ಲ. ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸನ್ ಅನ್ನುವವರು 1874ರಲ್ಲಿ ಕಂಪನಿ ಶುರು ಮಾಡಿದ್ದೇ ಒಂದೇ ಗುಣಮಟ್ಟದ ರೆನ್ನೆಟ್ ಮಾರಲು. ಮುಂದೆ ಅದೇ ಕಂಪನಿ ಅಮೆರಿಕದಲ್ಲಿ ಜಂಕೆಟ್ ಅಂತಲೇ ಮಾತ್ರೆ ಮಾರಿತು. ಅದನ್ನು ತಿಂದವರು ಯಾರೂ ವಿದೇಶಕ್ಕೆ ಹೋಗಿಲ್ಲ.

ರೈಲುಹುಚ್ಚ
ಎಕ್ಸ್‌ಕರ್ಷನ್ ಬಿಟ್ಟರೆ ಈ ಚರ್ಚೆ ಅರ್ಧಂಬರ್ಧ. ಲ್ಯಾಟಿನ್‌ನಲ್ಲಿ ಹೊರಗೆ ಓಡುವುದು ಅಂತ. ಕೋಟೆಯೊಳಗಿನ ಸೈನಿಕರು ದಿಢೀರ್ ಹೊರಗೆ ನುಗ್ಗಿ ಹೊಡೆದು ವಾಪಸ್ ಬರುವುದಕ್ಕೂ ಇದೇ ಪದ. ಹಳೇ ಇಂಗ್ಲಿಷ್ ನಾಟಕಗಳಲ್ಲಿ ಯುದ್ಧದ ದೃಶ್ಯಕ್ಕೆ "ಅಲಾರಮ್ಸ್, ಎಕ್ಸ್‌ಕರ್ಷನ್ಸ್" ಅಂತ ರಂಗಸೂಚನೆ ಇರುತ್ತದೆ. ತುತ್ತೂರಿ ಊದಿ, ನಾಲ್ಕು ಜನ ಕತ್ತಿ ಹಿಡಿದು ರಂಗದ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿ ಅಂತ ಅರ್ಥ.

ಇದನ್ನು ಜನಸಾಮಾನ್ಯರ ಪದ ಮಾಡಿದ್ದು ರೈಲು. ಎಲ್ಲರೂ ಹೇಳುವುದು ಮುಂದೆ ಪ್ರವಾಸ ಕಂಪನಿ ಕಟ್ಟಿದ ಇಂಗ್ಲೆಂಡಿನ ಥಾಮಸ್ ಕುಕ್ ಕಥೆ. 1841ರ ಜುಲೈ 5, ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು 500 ಜನ, ತಲೆಗೆ ಒಂದು ಶಿಲ್ಲಿಂಗ್. ಹೋಗಿದ್ದು ಎಲ್ಲಿಗೆ ಗೊತ್ತಾ, ಮದ್ಯಪಾನ ವಿರೋಧಿ ಸಭೆಗೆ. ಕುಕ್ ಬಡಗಿ ಕೆಲಸ ಮಾಡುತ್ತಿದ್ದ ಬ್ಯಾಪ್ಟಿಸ್ಟ್ ಪ್ರಚಾರಕ, ಜನ ಹೆಂಡದಂಗಡಿ ಬಿಟ್ಟು ರೈಲು ಹತ್ತಲಿ ಅನ್ನುವುದು ಅವರ ಆಸೆ.

ಅದೇ ಮೊದಲ ಎಕ್ಸ್‌ಕರ್ಷನ್ ರೈಲು ಅಂತ ಎಲ್ಲ ಕಡೆ ಬರೆಯುತ್ತಾರೆ. ಅದು ಸುಳ್ಳು. ಹಿಂದಿನ ವರ್ಷ, 1840ರ ಏಪ್ರಿಲ್‌ನಲ್ಲೇ, ಕಾರ್ನ್‌ವಾಲ್‌ನ ಬಾಡ್ಮಿನ್-ವೇಡ್‌ಬ್ರಿಡ್ಜ್ ರೈಲ್ವೆ ಮೂರು ವಿಶೇಷ ರೈಲು ಬಿಟ್ಟಿತ್ತು. ಸುಮಾರು 1,100 ಜನ ಹೋದರು. ನೋಡಲು ಹೋಗಿದ್ದು ಗಲ್ಲು. ಕೊಲೆ ಮಾಡಿದ ಲೈಟ್‌ಫುಟ್ ಅಣ್ಣತಮ್ಮಂದಿರನ್ನು ಬಾಡ್ಮಿನ್ ಜೈಲಿನ ಮುಂದೆ ನೇಣು ಹಾಕಿದ್ದರು. ಹಳಿ ಜೈಲಿಗೆ ಎಷ್ಟು ಹತ್ತಿರ ಇತ್ತು ಅಂದರೆ ಡಬ್ಬಿಯಿಂದ ಇಳಿಯದೇ ನೋಡಬಹುದಿತ್ತು. ಪ್ರವಾಸೋದ್ಯಮದ ಇತಿಹಾಸ ಹೇಳುವವರು ಈ ರೈಲನ್ನು ಬಿಟ್ಟು ಕುಕ್‌ನಿಂದಲೇ ಶುರು ಮಾಡುವುದು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪದಗಿರಾಕಿ
ಅಬ್ಬಾ. ಜಾಂಟ್ ಕೇಳಿದರೆ ನೇಣುಗಂಬದವರೆಗೆ ಬಂತು.

ಕೋಲ್ಡ್‌ಚೈನ್
ನಾನು ಔಷಧಿ ಸಾಗಾಟದಲ್ಲಿ ಇರುವವನು. ನಮ್ಮಲ್ಲಿ ಎಕ್ಸ್‌ಕರ್ಷನ್ ಅಂದರೆ ಎಲ್ಲರಿಗೂ ತಲೆನೋವು. ಲಸಿಕೆಗಳನ್ನು ಹೆಚ್ಚಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಡಬ್ಬದೊಳಗೆ ತಾಪಮಾನ ದಾಖಲಿಸುವ ಒಂದು ಲಾಗರ್ ಇರುತ್ತದೆ, ಅದರ ಗೆರೆ ಈ ಮಿತಿ ದಾಟಿ ಹೊರಗೆ ಹೋದರೆ ಟೆಂಪರೇಚರ್ ಎಕ್ಸ್‌ಕರ್ಷನ್. ಎಷ್ಟು ಹೊತ್ತು, ಎಷ್ಟು ಡಿಗ್ರಿ ಎಲ್ಲ ಬರೆದು ತಯಾರಕರಿಗೆ ಕಳಿಸಿ, ಅವರು ಏನು ಹೇಳುತ್ತಾರೋ ಅಂತ ಕಾಯಬೇಕು. ಸೆಕೆಗಿಂತ ಹೆಪ್ಪುಗಟ್ಟುವುದೇ ಕೆಲವು ಲಸಿಕೆಗಳಿಗೆ ಜಾಸ್ತಿ ಅಪಾಯ. ಅಲ್ಯೂಮಿನಿಯಂ ಲವಣ ಇರುವಂಥವು ಒಮ್ಮೆ ಗಡ್ಡೆ ಕಟ್ಟಿದರೆ ಮತ್ತೆ ಕರಗಿಸಿದರೂ ಉಪಯೋಗಕ್ಕೆ ಬರಲ್ಲ. ಸೀಸೆ ಕುಲುಕಿ ಇಟ್ಟು ನೋಡುತ್ತಾರೆ, ಹಾಳಾಗಿದ್ದರೆ ಬೇಗ ತಳಕ್ಕೆ ಕೂರುತ್ತದೆ.

ಅಣುಶಕ್ತಿಯವರಿಗೆ ಇನ್ನೂ ಭಯಂಕರ. ಅಮೆರಿಕದ ಐಡಾಹೋದಲ್ಲಿ 1961ರ ಜನವರಿ 3ರಂದು ಎಸ್‌ಎಲ್-1 ಅನ್ನುವ ಚಿಕ್ಕ ರಿಯಾಕ್ಟರ್‌ನಲ್ಲಿ ನಿಯಂತ್ರಣ ಸರಳನ್ನು ಕೈಯಿಂದ ಬೇಕಾದ್ದಕ್ಕಿಂತ ಜಾಸ್ತಿ ಮೇಲೆತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಶಕ್ತಿ ಎಲ್ಲೆ ಮೀರಿ ಏರಿತು, ಮೂವರು ಸತ್ತರು. ಅದಕ್ಕೂ ತಾಂತ್ರಿಕ ಹೆಸರು ಪವರ್ ಎಕ್ಸ್‌ಕರ್ಷನ್. ಆ ಪದ ಕೇಳಿದರೆ ನನಗೆ ಬುತ್ತಿ ಕಟ್ಟಿಕೊಂಡು ಹೊರಟ ಹಾಗೆ ಅನ್ನಿಸುವುದೇ ಇಲ್ಲ.

ನಾಲ್ಕುಚಕ್ರ
ಟ್ರಿಪ್ ಕೂಡ ಹಾಗೇ. ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚಿಗೆ ಎಂಸಿಬಿ ಟ್ರಿಪ್ ಆಯ್ತು ಅಂತೀವಿ, ಲಾರಿಯವರು ದಿನಕ್ಕೆ ಇಷ್ಟು ಟ್ರಿಪ್ ಹೊಡೆದೆ ಅಂತಾರೆ. ಎರಡೂ ಒಂದೇ ಪದವಾ?

ಹಳೇಮೇಷ್ಟ್ರು
ಒಂದೇ. ಹಗುರಾಗಿ ಹೆಜ್ಜೆ ಹಾಕುವುದು, ಕುಪ್ಪಳಿಸುವುದು ಮೊದಲ ಅರ್ಥ. ಹೆಜ್ಜೆ ತಪ್ಪಿದರೆ ಎಡವುವುದು, ಎಡವಿಸುವುದು. ಎಂಸಿಬಿಯದು ಆ ದಾರಿ. ಪ್ರಯಾಣದ ಅರ್ಥ 17ನೇ ಶತಮಾನದ ಕೊನೆಯಲ್ಲಿ ನಾವಿಕರಿಂದ ಬಂತು, ಚಿಕ್ಕ ಸಮುದ್ರಯಾನಕ್ಕೆ. ನೆಲದವರು ಆಮೇಲೆ ಎತ್ತಿಕೊಂಡರು.

ಸಂಶಯಾತ್ಮ
ಸರಿ ಮೇಷ್ಟ್ರೇ, ಇದಕ್ಕೆ ಏನಂತೀರಿ. ರೋಮ್ ಯಾತ್ರೆಗೆ ಹೋಗುವವರಿಂದ ಅಲೆಯುವುದಕ್ಕೆ ರೋಮ್ ಅನ್ನುವ ಪದ ಬಂತು. ಪವಿತ್ರ ಭೂಮಿಗೆ, ಅಂದರೆ ಫ್ರೆಂಚ್‌ನ ಸ್ಯಾಂತ್ ತೇರ್‌ಗೆ ಹೊರಟೆ ಅಂತ ಹೇಳಿ ಭಿಕ್ಷೆ ಬೇಡುತ್ತಾ ತಿರುಗುವವರಿಂದ ನಿಧಾನಕ್ಕೆ ಅಡ್ಡಾಡುವುದಕ್ಕೆ ಸಾಂಟರ್ ಬಂತು. ಕ್ಯಾಂಟರ್‌ಬರಿ ಯಾತ್ರಿಕರ ಕುದುರೆ ನಡೆಯಿಂದ ಕ್ಯಾಂಟರ್ ಬಂತು. ಮೂರೂ ಯಾತ್ರೆ. ಇದೂ ಕಾಕತಾಳೀಯವಾ?

ಕರಡುತಿದ್ದುವವಳು
ಮೂರರಲ್ಲಿ ಒಂದೇ ನಿಜ. ಕ್ಯಾಂಟರ್. ಕ್ಯಾಂಟರ್‌ಬರಿಯಲ್ಲಿದ್ದ ಸಂತ ಥಾಮಸ್ ಬೆಕೆಟ್ ಸಮಾಧಿಗೆ ಹೋಗುವವರು ಕುದುರೆಯನ್ನು ತೀರಾ ಓಡಿಸದೆ, ತೀರಾ ನಡೆಸದೆ ಒಂದು ಹದದಲ್ಲಿ ಬಿಡುತ್ತಿದ್ದರು ಅನ್ನುವುದರಿಂದ ಕ್ಯಾಂಟರ್‌ಬರಿ ನಡೆ ಅಂತ ಹೆಸರು ಬಂತು. ಮೊದಲು ಪೂರ್ತಿ ಹೆಸರಿತ್ತು, ಆಮೇಲೆ ಬಾಲ ಕತ್ತರಿಸಿ ಕ್ಯಾಂಟರ್ ಆಯಿತು. ಪೂರ್ತಿ ಹೆಸರು ಬರಹದಲ್ಲಿ ಸಿಗುತ್ತದೆ, ಹಾಗಾಗಿ ನಂಬಬಹುದು.

ಸಾಂಟರ್ ಕಥೆಯನ್ನು 1862ರಲ್ಲಿ ಅಚ್ಚಾದ ತನ್ನ ನಡಿಗೆಯ ಪ್ರಬಂಧದಲ್ಲಿ ಅಮೆರಿಕದ ಲೇಖಕ ಥೋರೊ ಹೇಳಿದ್ದಾನೆ, ಅದಕ್ಕೇ ಎಲ್ಲರ ಬಾಯಲ್ಲೂ ಇದೆ. ಆದರೆ ಆ ಪದ ಮೊದಲು ಸಿಗುವುದು ಯೋಚನೆಯಲ್ಲಿ ಮುಳುಗುವುದು ಅನ್ನುವ ಅರ್ಥದಲ್ಲಿ, ನಡೆಯುವುದು ಆಮೇಲೆ. ರೋಮ್ ನಗರಕ್ಕೂ ಅಲೆದಾಟದ ರೋಮ್‌ಗೂ ಕೇಳಲು ಮಾತ್ರ ಒಂದೇ, ಕಾಗುಣಿತ ಕೂಡ ಬೇರೆ.

ಕಥೆ ಚಂದ ಇದೆ ಅಂದ ಕೂಡಲೇ ನಾನು ಮೊದಲು ಹಳೇ ಬರಹದಲ್ಲಿ ಎಲ್ಲಿದೆ ಅಂತ ಕೇಳುತ್ತೇನೆ. ಜಾಂಟ್ ವಿಷಯದಲ್ಲಿ ಮೇಷ್ಟ್ರು ಹೇಳಿದ್ದೂ ಇದನ್ನೇ.

ಸಂಶಯಾತ್ಮ
ಥೋರೊಗಿಂತ ನಿಘಂಟು ದೊಡ್ಡದಾ ಅಂತ ಕೇಳೋಣ ಅನ್ನಿಸಿತು, ಬೇಡ ಬಿಡಿ.

ಸುದ್ದಿಮನೆ
ಪದಗಿರಾಕಿ, ಬಳಕೆಯ ಬಗ್ಗೆ ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ, ಅನುವಾದದಲ್ಲಿ ದಿನಾ ಎದುರಾಗುತ್ತದೆ. ನಾನು ಜಾಂಟ್‌ಗೆ ಹೋಗಿದ್ದೆ ಅಂತ ತಮ್ಮ ಬಗ್ಗೆ ಹೇಳಿಕೊಂಡರೆ ಅದು ಖುಷಿಯ ಸುತ್ತಾಟ. ಮಂತ್ರಿಯೊಬ್ಬರ ವಿದೇಶಿ ಜಾಂಟ್ ಅಂತ ತಲೆಬರಹ ಬಂದರೆ ಅದು ಚುಚ್ಚುಮಾತು, ಪ್ರವಾಸ ಅಂತ ಸಪ್ಪೆಯಾಗಿ ಹಾಕಿದರೆ ಬರೆದವನ ಕೊಂಕು ಹೋಗುತ್ತದೆ. ಜಂಕೆಟ್ ಇನ್ನೂ ಖಾರ, ದುಡ್ಡು ಬೇರೆಯವರದು ಅನ್ನುವ ಆರೋಪ ಅದರೊಳಗೇ ಇದೆ. ಬ್ರಿಟನ್ನಿನವರು ಆಫೀಸ್ ಖರ್ಚಿನ ಮಜಾಕ್ಕೆ ಜಾಲಿ ಅನ್ನುತ್ತಾರೆ, ಅದರಲ್ಲಿ ಬೈಗುಳ ಕಡಿಮೆ, ಹೊಟ್ಟೆಕಿಚ್ಚು ಜಾಸ್ತಿ. ಔಟಿಂಗ್ ನಿರುಪದ್ರವಿ. ಎಕ್ಸ್‌ಕರ್ಷನ್‌ನಲ್ಲಿ ಯಾರೋ ಟಿಕೆಟ್ ಮಾಡಿ, ಯಾರೋ ತಲೆ ಎಣಿಸುತ್ತಾರೆ.

ನಾನು ಜಂಕೆಟ್‌ಗೆ "ಸರ್ಕಾರಿ ಖರ್ಚಿನ ಮೋಜು" ಅಂತ ಹಾಕುತ್ತೇನೆ, ವಕೀಲರು ತಕರಾರು ಮಾಡದಿದ್ದರೆ.

ಪದಗಿರಾಕಿ
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇನ್ನೊಂದೇ ಒಂದು. ಎರಂಡ್ ಅಂತ ಇದೆಯಲ್ಲ, ಅಂಗಡಿಗೆ ಹೋಗಿ ಏನಾದರೂ ತರುವಂಥ ಚಿಲ್ಲರೆ ಕೆಲಸದ ಓಡಾಟ. ಅದಕ್ಕೂ ಅಲೆಮಾರಿ ವೀರನಿಗೆ ಹೇಳುವ ನೈಟ್ ಎರಂಟ್‌ಗೂ ನಂಟು ಇದೆಯಾ?

ಹಳೇಮೇಷ್ಟ್ರು
ಇಲ್ಲ. ಎರಂಟ್ ಫ್ರೆಂಚ್ ದಾರಿಯಲ್ಲಿ ಬಂದಿದ್ದು, ಮೂಲದಲ್ಲಿ ಲ್ಯಾಟಿನ್‌ನ ಪ್ರಯಾಣ. ಎರಂಡ್ ಅಚ್ಚ ಹಳೇ ಇಂಗ್ಲಿಷ್, ಸಂದೇಶ ಅಂತ ಅರ್ಥ. ರಾಜದೂತ ಹೊತ್ತು ತರುತ್ತಿದ್ದುದು ಎರಂಡ್. ಸಾವಿರ ವರ್ಷದಲ್ಲಿ ಇಳಿದು ಇಳಿದು ಅಂಗಡಿ ಚೀಟಿಗೆ ಬಂದು ನಿಂತಿದೆ.